ನರಳುವುದೂ ಒಂದು ಸೇವೆ

ಚಳ್ಳಕೆರೆಯ ಹೊಸ ಕಂಬಳಿಗೆ ಒಂದು ವಾಸನೆಯುಂಟು. ಅರ್ಧ ಕುರಿಯದು, ಅರ್ಧ ಹುಣಸೆಬೀಜದ ಗಂಜಿಯದು. ಕಂಬಳಿ ಸೆಟೆದು ನಿಲ್ಲಲೆಂದು ನೇಯುವವರು ಆ ಗಂಜಿ ಬಳಿಯುತ್ತಾರೆ. ಮೊನ್ನೆ ಸೊಸೆ ಅಂಥದೊಂದನ್ನು ತರಿಸಿ ನನ್ನ ಮಂಚದ ಮೇಲೆ ಹಾಸಿದಳು. ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಎಡತೋಳು ನೋಯತೊಡಗಿತು. ಅದು ಹೊಸ ನೋವಲ್ಲ, ಕಾಲೇಜು ದಿನಗಳದು. ನೆನಪಿನ ಶಕ್ತಿಯಲ್ಲಿ ನನ್ನ ತೋಳು ನನ್ನ ತಲೆಗಿಂತ ಮೇಲು.

ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಅಮಲ್ದಾರನಾಗಲು ಕಾಯುತ್ತಿದ್ದೆ ಎಂದರೆ ಸರಿ. ಚಳ್ಳಕೆರೆಯ ಮನೆಯಲ್ಲಿ ಅಪ್ಪ ಜರಿ ರುಮಾಲನ್ನು ಮುಂಚಿತವಾಗಿಯೇ ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದರು. ತಲೆಯೊಂದು ತಯಾರಾಗುವುದು ಬಾಕಿ.

ದಸರೆ ರಜೆಗೆ ಬಂದಾಗ, ದೇವಸಮುದ್ರದ ಕಡೆ ಇಲಿ ಬೀಳುತ್ತಿವೆ ಎಂಬ ಸುದ್ದಿ. ಇಲಿಗಳಾದ ಮೇಲೆ ಮನುಷ್ಯರ ಸರದಿ. ಪ್ಲೇಗು ಕ್ರಮ ತಪ್ಪುತ್ತಿರಲಿಲ್ಲ. ಮೊಳಕಾಲ್ಮೂರಿಗೆ ಪ್ಲೇಗಿನ ಸೂಜಿ ಹಾಕುವ ಡಾಕ್ಟರು ಹೊರಟಿದ್ದಾರೆ, ಜನಕ್ಕೆ ತಿಳಿಹೇಳಲು ಕಾಲೇಜು ಹುಡುಗರು ಬೇಕು ಎಂದರು. ಸಹಪಾಠಿ ಶೇಷಗಿರಿಯೂ ನಾನೂ ಹೊರಟೆವು. ಅವನದು ಲೋಕಸೇವೆಯ ಹುರುಪು. ನನ್ನದು, ಮುಂದೆ ಅಮಲ್ದಾರಿಕೆಗೆ ಅರ್ಜಿ ಬರೆಯುವಾಗ ಒಂದು ಒಳ್ಳೆಯ ವಾಕ್ಯ ಸಿಗಲಿ ಎಂಬ ದೂರದೃಷ್ಟಿ. ಅವ್ವ ಒಂದು ಹೊಸ ಕಂಬಳಿ ಕೊಟ್ಟಳು. ತಳಕು ಊರಿನ ಮೇಲೆ ಹಾದು ಎತ್ತಿನಗಾಡಿ ಹೋಗುವಾಗ ಶೇಷಗಿರಿ ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿದ. ಎತ್ತುಗಳು ಒಪ್ಪಿದವು.

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಬೀದಿ ಒಪ್ಪಲಿಲ್ಲ. ಶೇಷಗಿರಿ ಮೂಢನಂಬಿಕೆಯ ಕತ್ತಲನ್ನು ಓಡಿಸುತ್ತಿದ್ದಾಗ ಓಬಳೇಶನೆಂಬ ನೇಕಾರ ಕೇಳಿದ:

"ಕತ್ಲೆ ಎಲ್ಲೈತ್ರಿ ಇದ್ರಾಗೆ? ಕೈ ಬಾತ್ಕಂಡ್ರೆ ಮಗ್ಗದ ಲಾಳಿ ಎಸೆಯೋರ್ಯಾರು, ನೀವಾ?"

ಅವನ ತಾಯಿ ನರಸಕ್ಕ ಬಾಗಿಲಲ್ಲಿ ನಿಂತಿದ್ದಳು. "ಸುಮ್ಕಿರಲೇ ಓಬಳೇಶ. ಕೈ ಬಾತ್ರೆ ಇಳೀತೈತೆ, ಜೀವ ಹೋದ್ರೆ? ಅಪ್ಪಾ, ನೀವು ಚುಚ್ಚಿಸ್ಕಂಡೀರಾ?"

ಶೇಷಗಿರಿ ಮೆಲ್ಲನೆ ನನ್ನ ಕಡೆ ತಿರುಗಿದ. "ನಂಗೆ ಜ್ವರ ಬಂದ್ರೆ ಭಾಷಣ ಯಾರು ಮಾಡ್ತಾರಲೇ?"

ಹೀಗೆ ನನ್ನ ಸಮಾಜಸೇವೆ ಎಡತೋಳಿನಿಂದ ಆರಂಭವಾಯಿತು. ಸಂಜೆಯ ಹೊತ್ತಿಗೆ ಜ್ವರ ಏರಿತು, ತೋಳು ಬೂದುಗುಂಬಳವಾಯಿತು. ನರಸಕ್ಕನ ಮನೆಯ ನಡುಮನೆಯಲ್ಲಿ ನನ್ನನ್ನು ಮಲಗಿಸಿ ಕಂಬಳಿ ಹೊದಿಸಿದರು. ಅವಳು ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟಳು: "ಈ ಹುಡ್ಗ ಎದ್ರೆ ನನ್ನ ಮಗನಿಗೂ ಚುಚ್ಚಿಸ್ತೀನಿ. ಏಳ್ದಿದ್ರೆ..." ಮುಂದಿನದನ್ನು ಹೇಳಲಿಲ್ಲ. ಮರ್ಯಾದಸ್ಥೆ. ಬೀದಿಯೂ ಆ ತೀರ್ಪಿಗೆ ಒಪ್ಪಿತು.

ಆ ಮನೆಯ ಮಗ್ಗ ನನ್ನ ತಲೆಯ ಬಳಿಯೇ ಇತ್ತು. ನಾನು ಜೋರಾಗಿ ನರಳಿದರೆ ಓಬಳೇಶ ಮಗ್ಗ ನಿಲ್ಲಿಸುತ್ತಿದ್ದ. ಸದ್ದಿಲ್ಲದೆ ಮಲಗಿದರೆ ಇನ್ನೂ ಬೇಗ ನಿಲ್ಲಿಸುತ್ತಿದ್ದ. ಪಕ್ಕದ ಮನೆಯ ಮಗ್ಗವೂ ನಿಲ್ಲುತ್ತಿತ್ತು, ಅದರಾಚೆಯದೂ. ಆದ್ದರಿಂದ ರೇಷ್ಮೆ ಉದ್ಯಮದ ಹಿತದೃಷ್ಟಿಯಿಂದ ನಾನು ಆಗಾಗ ಹದವಾಗಿ ನರಳುತ್ತಿದ್ದೆ. ಬಾಗಿಲಲ್ಲಿ ಯಾರೋ ಕೇಳುವರು: "ಐದಾನೇನಕ್ಕಾ?"

"ಇನ್ನೂ ಐದಾನೆ."

ಆ "ಇನ್ನೂ" ನನಗೆ ಹಿಡಿಸುತ್ತಿರಲಿಲ್ಲ.

ಮಾರನೆಯ ದಿನ ಡಾಕ್ಟರು ನಾಡಿ ಹಿಡಿದು ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿದರು. ದೇವಸಮುದ್ರದಲ್ಲಿ ಒಂದು ಮನೆಯವರೆಲ್ಲ ಹೋದರೆಂದು ಯಾರೋ ಹೊರಗೆ ಹೇಳುತ್ತಿದ್ದುದು ಕೇಳಿಸಿತು. ನಾನು ಹೋದರೆ ಪ್ಲೇಗಿನಿಂದ ಹೋದನೋ ಸೂಜಿಯಿಂದ ಹೋದನೋ ಎಂದು ಯಾರೂ ವಿಚಾರಿಸುವುದಿಲ್ಲ. ಈ ಬೀದಿಯಲ್ಲಿ ಇನ್ನೊಂದು ತೋಳು ಮುಂದೆ ಬರುವುದಿಲ್ಲ. ಅರ್ಜಿಯ ವಾಕ್ಯ ಮರೆತೇಹೋಯಿತು. ಅಲ್ಲಿಯವರೆಗೆ ನಾನು ಬದುಕಿದ್ದುದು ನನ್ನ ಅನುಕೂಲಕ್ಕೆ. ಬೇರೆಯವರಿಗಾಗಿ ಬದುಕಿರಬೇಕಾಗಿ ಬಂದಿದ್ದು ಅದೇ ಮೊದಲು. ಎಂಥ ಕಷ್ಟದ ಕೆಲಸವೆಂದರೆ, ಅದರಲ್ಲಿ ಮಾಡುವುದು ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಮೈ ಬೆವೆತಿತ್ತು. ನರಸಕ್ಕ ಅಂಬಲಿ ತಂದಳು. ನಾನು ಮುದ್ದೆ ಕೇಳಿದೆ. ಅವಳು ಅಂಬಲಿಯನ್ನು ಅಲ್ಲೇ ಇಟ್ಟು ಹೊರಗೆ ಹೋಗಿ, ತನ್ನ ಮನೆಮಾತು ತೆಲುಗಿನಲ್ಲಿ ಒಂದೇ ಶಬ್ದ ಹೇಳಿದಳು: "ಬತಿಕಿನಾಡು." ಬದುಕಿದ ಎಂದು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು, ಜನ ಹೊರಗೆ ಬಂದರು.

ಮೊದಲ ತೋಳು ಓಬಳೇಶನದು. ಅದನ್ನು ಹಿಡಿದುಕೊಂಡವನು ನಾನು. ಅವನ ಹಿಂದೆ ಬಂದವರೆಲ್ಲ ಡಾಕ್ಟರನ್ನು ಬಿಟ್ಟು ನನ್ನನ್ನೇ ಕೇಳಿದರು, ಹೆಂಗಿತ್ತು ಎಂದು. "ನೋವಾಯ್ತು, ಜ್ವರ ಬಂತು, ಹೋಯ್ತು" ಎಂದೆ. ಇಷ್ಟು ಚಿಕ್ಕ ಭಾಷಣಕ್ಕೆ ಅಷ್ಟು ಜನ ಒಪ್ಪಿದ್ದನ್ನು ಶೇಷಗಿರಿ ಕೊನೆಯವರೆಗೂ ಕ್ಷಮಿಸಲಿಲ್ಲ. ಅವನು ಮುಂದೆ ವಕೀಲನಾದ. ಆ ವರ್ಷ ದೇವಸಮುದ್ರದ ಪ್ಲೇಗು ಆ ಬೀದಿಯಿಂದ ಯಾರನ್ನೂ ಕರೆದೊಯ್ಯಲಿಲ್ಲ.

ಊರಿಗೆ ಮರಳಿ, ವೈದ್ಯ ಓದುತ್ತೇನೆ ಎಂದೆ.

"ಯಾಕಲೇ? ಅಮಲ್ದಾರಿಕೆಗೇನಾಗೈತೆ?" ಎಂದರು ಅಪ್ಪ.

"ಅಮಲ್ದಾರ ಮುದ್ದೆ ಉಂಡ್ನಾ ಅಂತ ಯಾರೂ ಬಾಗ್ಲಿಗೆ ಬಂದು ಕೇಳಲ್ಲಪ್ಪಾ."

"ಕೇಳ್ದೆ ಇರೋದಕ್ಕೇ ಕಣಲೇ ಸಂಬಳ" ಎಂದರು. ಆದರೂ ರುಮಾಲನ್ನು ತಮ್ಮನ ಹೆಸರಿಗೆ ವರ್ಗಾಯಿಸಿದರು. ತಮ್ಮನ ತಲೆಗೆ ಅದು ಚೆನ್ನಾಗಿಯೇ ಒಪ್ಪಿತು. ನಾನು ಡಾಕ್ಟರಾಗಿ ಮೊಳಕಾಲ್ಮೂರಿನ ಅದೇ ಬೀದಿಯಲ್ಲಿ ಉಳಿದು, ಕಂಡವರ ತೋಳು ಚುಚ್ಚುತ್ತ ಮುದುಕನಾದೆ.

ಸೇವೆ ಮುಗಿಯಿತೆಂದು ನಿಶ್ಚಿಂತನಾಗಿದ್ದೆ. ನಿನ್ನೆ ಓಬಳೇಶನ ಮೊಮ್ಮಗಳು ಸರೋಜ ಬಂದಳು. ಕಾಲೇಜಿನ ರಜೆಯಲ್ಲಿ ಕಾಲರಾ ಸೂಜಿಯವರ ಜೊತೆ ಓಡಾಡುತ್ತಿದ್ದಾಳೆ. "ತಾತಾ, ಬೀದಿಯೋರು ನಿಮ್ಗೆ ಮೊದ್ಲು ಚುಚ್ಲಿ ಅಂತಾರ್ರಿ."

"ಮುಂದೆ ಏನು ಓದ್ತೀಯಮ್ಮಾ?"

"ಅಪ್ಪ ಲಾಯರಾಗು ಅಂತಾರೆ."

ನಾನು ತೋಳು ಚಾಚಿದೆ. ಅವಳು ಹಿಡಿದುಕೊಂಡಳು. ಅದು ಡಾಕ್ಟರ ಹಿಡಿತ, ಲಾಯರದಲ್ಲ. ಆ ವಿಷಯವನ್ನು ಅವಳಪ್ಪನಿಗೆ ನಾನಾಗಿ ಹೇಳುವುದಿಲ್ಲ.

ಈಗ ಸಣ್ಣ ಜ್ವರವಿದೆ. ಹೊಸ ಕಂಬಳಿ ಹೊದ್ದು ಮಲಗಿದ್ದೇನೆ. ಈ ವಾಸನೆಗೆ ಇಷ್ಟು ವರ್ಷ ಮುಖ ಸಿಂಡರಿಸಿದವನಿಗೆ ಇಂದು ಅದು ಬೇಕೆನಿಸುತ್ತಿದೆ. ಪಕ್ಕದಲ್ಲಿ ಓಬಳೇಶನ ಮಗನ ಮಗ್ಗ ಆಡುತ್ತಿತ್ತು, ತಟ್ಟನೆ ನಿಂತಿತು. ಗೋಡೆಯಾಚೆ ಯಾರೋ ಕಿವಿಗೊಟ್ಟಿದ್ದಾರೆ.

ನಾನು ಹದವಾಗಿ ನರಳಿದೆ.

ಮಗ್ಗ ಮತ್ತೆ ಆಡತೊಡಗಿತು.