ಅಣೆಕಟ್ಟೆಯಲ್ಲಿ ಗಾಳ ಹಾಕಿದ ಅಂಕಲ್

ಮೊಮ್ಮಗಳು ಮನೆಗೆ ಬಂದಳು! ಇವತ್ತು ಬೆಳಿಗ್ಗೆ ನನ್ನ ಮಗಳು ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಪರದೇಶದ ಕ್ಯಾಲಮ್‌ವೇಲ್‌ನ ಈ ಮನೆಯ ಹೊಸ್ತಿಲು ದಾಟಿದಳು. ಫೋನ್ ಕಾರ್ಡ್ ಮುಗಿಯುವವರೆಗೂ ಮಂಡ್ಯಕ್ಕೆ ಕೂಗಿ ಕೂಗಿ ಹೇಳಿದೆ. ಆದರೆ ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ಅಂಕಲ್ ಪಕ್ಕದ ಮನೆಯಲ್ಲಿಲ್ಲ.

ಆ ಅಂಕಲ್‌ಗೆ ಎಡಗೈ ಹೆಬ್ಬೆರಳಲ್ಲಿ ಉಗುರಿರಲಿಲ್ಲ. ಗಲ್ಫ್‌ನಲ್ಲಿ ಯಾವುದೋ ಮೆಷಿನ್ನು ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳಲ್ಲೇ ಗಾಳಕ್ಕೆ ಎರೆಹುಳ ಒತ್ತುತ್ತಿದ್ದರು. ಉಡುಪಿ ಕಡೆಯ ಕ್ರಿಶ್ಚಿಯನ್ನರು. ಕಡಲ ಮೀನು ಬಿಟ್ಟರೆ ಬೇರೆಯದು ಅವರಿಗೆ ಮೀನೇ ಅಲ್ಲ.

"ಕೆರೆ ಮೀನು ಎಂತ ಮೀನು ಮಾರಾಯ್ರೆ? ಮಣ್ಣು ವಾಸನೆ!" ಎಂದು ಬೇಲಿಯಾಚೆಯಿಂದ ಛೇಡಿಸುತ್ತಿದ್ದರು.

"ಉಪ್ಪುನೀರಿನವರಿಗೆ ನಮ್ಮ ರುಚಿ ಏನ್ ಗೊತ್ತು, ಸುಮ್ನಿರಿ" ಎನ್ನುತ್ತಿದ್ದೆ.

ಮಗಳು ಬಸುರಿಯಾದ ಮೇಲೆ ತಿಂದದ್ದೆಲ್ಲ ವಾಂತಿ. ಮೈ ಇಳಿಯುತ್ತಲೇ ಹೋಯಿತು. ಹೀಗೇ ಆದರೆ ಕೂಸಿಗೆ ಕಷ್ಟ ಎಂದರು ಡಾಕ್ಟರು. "ಅಮ್ಮ, ನಮ್ಮೂರ ಕೆರೆ ಮೀನಿನ ಸಾರಿದ್ದಿದ್ರೆ ಎರಡು ತುತ್ತು ತಿಂತಿದ್ದೆ" ಅಂದಳು ಒಂದು ದಿನ. ಬೇಲಿಯಾಚೆ ಇದ್ದ ಅಂಕಲ್ ಕೇಳಿಸಿಕೊಂಡರು. ಆ ಶನಿವಾರವೇ ಗಾಳ ತೆಗೆದುಕೊಂಡು ನನ್ನನ್ನೂ ಅಣೆಕಟ್ಟೆಗೆ ಕರೆದೊಯ್ದರು.

ಮೊದಲು ಸಿಕ್ಕಿದ್ದೇ ಜಿಲೇಬಿ ಮೀನು. ನಮ್ಮ ಕೆರೆಯದ್ದೇ ಜಾತಿ! ಸೆರಗಿನಲ್ಲಿ ಸುತ್ತಿಕೊಳ್ಳಲು ಹೋದೆ. ಅಂಕಲ್ ಕೈ ಅಡ್ಡ ಹಿಡಿದರು.

"ಬೇಡ ಅಮ್ಮಾ. ಇದು ಹೊರಗಿಂದ ಬಂದದ್ದು, ಇಲ್ಲಿಯ ಮೀನನ್ನೆಲ್ಲ ಮುಗಿಸ್ತದೆ. ಮನೆಗೆ ಒಯ್ಯುವ ಹಾಗಿಲ್ಲ, ನೀರಿಗೆ ಬಿಡುವ ಹಾಗೂ ಇಲ್ಲ. ಕೊಂದು ಹೂಳ್ಬೇಕು, ಇಲ್ಲಿಯ ಕಾನೂನು."

"ನನ್ ಮಗಳು ಉಪವಾಸ ಇದಾಳೆ. ಯಾರು ನೋಡ್ತಾರೆ?"

"ನಾನು ನೋಡ್ತೇನಲ್ಲ."

ದಡದ ಮೇಲೆ ಗುಂಡಿ ತೋಡಿ ಹೂತೇಬಿಟ್ಟರು. ವಾಪಸು ಬರುವಾಗ ನಾನು ಸಿಟ್ಟಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ.

ಆಮೇಲೆ ಶನಿವಾರ ಶನಿವಾರ ಒಬ್ಬರೇ ಹೋದರು. ಆಗಲೇ ಎದೆನೋವಿತ್ತು ಎಂದು ಅವರ ಹೆಂಡತಿ, ನಮ್ಮ ಆಂಟಿ, ಈಗ ಹೇಳುತ್ತಾರೆ. ಕೊನೆಗೊಂದು ಸಂಜೆ, ಮನೆಗೆ ತರಬಹುದಾದ ಮೀನೇ ಸಿಕ್ಕಿತು. ಹಳದಿ ಹೊಟ್ಟೆಯ ದಪ್ಪ ಮೀನು. ತಂದು ನನ್ನ ಸಿಂಕಿನಲ್ಲಿಟ್ಟು, "ತಗೊಳ್ಳಿ, ನಿಮ್ಮ ಮಣ್ಣು ಮೀನು!" ಅಂದರು. ಹುಣಸೆಹುಳಿ ಹಿಂಡಿ ಸಾರು ಮಾಡಿದೆ. ಮಗಳು ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಅಲ್ಲಿಂದ ಮುಂದೆ ಅವಳು ಚೇತರಿಸಿಕೊಳ್ಳುತ್ತಾ ಬಂದಳು.

ಕೂಸಿನ ಮುಖ ನೋಡುವ ಮುಂಚೆಯೇ ಅಂಕಲ್ ಹೋಗಿಬಿಟ್ಟರು.

ಇವತ್ತು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಅಂಕಲ್‌ರನ್ನು ಮಣ್ಣು ಮಾಡಿದ ಮೇಲೆ ಯಾರ ಮನೆಯಲ್ಲೂ ತಟ್ಟೆ ಮುಂದೆ ಕೂರದ ಆಂಟಿಯನ್ನು ಅಳಿಯ ಹೋಗಿ ಕರೆತಂದ. "ನನಗೆ ಹಸಿವಿಲ್ಲ" ಅಂದರು. ಮಗಳು ಕೂಸನ್ನು ಅವರ ಮಡಿಲಿಗಿಟ್ಟಳು. ಆಂಟಿ ತುಂಬ ಹೊತ್ತು ಅದರ ಮುಖ ನೋಡಿದರು. ಆಮೇಲೆ ಎಡಗೈಯಲ್ಲಿ ಕೂಸನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಅನ್ನ ಕಲಸಿದರು. ಅವರು ಮೊದಲ ತುತ್ತು ಬಾಯಿಗಿಡುವವರೆಗೂ ನಾವ್ಯಾರೂ ತಟ್ಟೆ ಮುಟ್ಟಲಿಲ್ಲ.