ಜೋನ್ಸ್ ವಾಷ್ ಯಾರದು?

ಜೋನ್ಸ್ ಎಂದರೆ ಜಾನ್ ಎಂಬಾತನ ಮಗ. ಹುಟ್ಟಿನಲ್ಲಿ ಅಷ್ಟೇ ಅರ್ಥ. ಬ್ರಿಟನ್ನಿನ ವೇಲ್ಸ್ ಕಡೆ ಬೀದಿಬೀದಿಗೂ ಜೋನ್ಸ್‌ಗಳಿದ್ದಾರೆ. ಪಕ್ಕದ ಮನೆಯವರನ್ನು ನೋಡಿ ದೊಡ್ಡ ಕಾರು ಕೊಳ್ಳುವ ಹಟಕ್ಕೂ ಅಮೆರಿಕದವರು ಇದೇ ಹೆಸರು ಹಿಡಿದು ಮಾತಾಡುತ್ತಾರೆ. ಬೀದಿಮಾತಿನಲ್ಲಿ ಚಟಕ್ಕೂ ಜೋನ್ಸ್ ಅನ್ನುವುದುಂಟು. ರಸಾಯನಶಾಸ್ತ್ರದಲ್ಲಿ ಜೋನ್ಸ್ ರಿಯೇಜೆಂಟ್ ಇದೆ: ಕ್ರೋಮಿಯಂ ಬೆರೆತ, ಆಮ್ಲದ ಕಿತ್ತಳೆ ದ್ರಾವಣ. ಆಲ್ಕೋಹಾಲನ್ನು ಬೇರೆ ವಸ್ತುವಾಗಿಸಿ ತಾನು ಹಸಿರಾಗುತ್ತದೆ. ಅದು ಬ್ರಿಟಿಷ್ ವಿಜ್ಞಾನಿಯೊಬ್ಬನ ಹೆಸರು. ಆತ ದುಡಿದ, ಹೆಸರು ಪಡೆದ. ನನ್ನ ತಕರಾರಿಲ್ಲ.

ತಕರಾರಿರುವುದು ಇನ್ನೊಂದು ಜೋನ್ಸ್ ಬಗ್ಗೆ.

ಟೆಕ್ಸಸ್‌ನ ಪ್ಲೇನೋದಲ್ಲಿ ನಮ್ಮ ಮನೆಯ ಎದುರಿಗಿರುವ ರಘೂತ್ತಮ ಮಳಗಿ ಧಾರವಾಡದವರು. ಹ್ಯೂಸ್ಟನ್ನಿನಲ್ಲಿ ಸುಗಂಧಕ್ಕೆ ಬೇಕಾದ ಎಣ್ಣೆಗಳನ್ನು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೋನ್ಸ್ ರಿಯೇಜೆಂಟ್ ಬಳಸಿದಾಗಲೆಲ್ಲ ಅಲ್ಲಿ ಹಸಿರು ಲೋಳೆ ಎಣ್ಣೆಗೆ ಅಂಟಿಕೊಂಡು ಅರ್ಧ ಮಾಲು ಹಾಳಾಗುತ್ತಿತ್ತು. ತಣ್ಣನೆಯ ಉಪ್ಪುನೀರನ್ನು ನಿಧಾನವಾಗಿ ಬಿಟ್ಟರೆ ಲೋಳೆ ಗಡ್ಡೆಕಟ್ಟಿ ತಳಕ್ಕಿಳಿಯುತ್ತದೆಂದು ಕಂಡುಹಿಡಿದವರು ಇವರು. ಹೀಗೆ ತೊಳೆಯುವ ವಿಧಾನವನ್ನು ಕಾರ್ಖಾನೆಯಲ್ಲಿ ಇಂದಿಗೂ ‘ಜೋನ್ಸ್ ವಾಷ್’ ಎನ್ನುತ್ತಾರೆ. ಹೊಸ ಹುಡುಗರಂತೂ ಅದನ್ನೂ ಆ ಬ್ರಿಟಿಷ್ ವಿಜ್ಞಾನಿಯೇ ಮಾಡಿದ್ದೆಂದು ನಂಬಿದ್ದಾರೆ.

ಅಸಲಿಗೆ ಅದು ಇವರ ಮೇಲಧಿಕಾರಿ ಡೇಲ್ ಜೋನ್ಸ್‌ನ ಹೆಸರು. ಅವನು ಕದ್ದನೇ? ಇಲ್ಲ. ಮಳಗಿಯವರೇ ಕೈಯಾರೆ ಕೊಟ್ಟರು. ಮಾಲೀಕರು ಮೀಟಿಂಗಿನಲ್ಲಿ, ಇದು ಯಾರ ಕೆಲಸ ಎಂದು ಕೇಳಿದಾಗ ಇವರು ಎದ್ದು ನಿಂತು, “ಎಲ್ಲ ಜೋನ್ಸ್ ಸಾಹೇಬರ ಮಾರ್ಗದರ್ಶನ” ಎಂದುಬಿಟ್ಟರು. ನಮ್ಮ ಕಡೆ ಹೀಗೆಂದರೆ ಹಿರಿಯರು ತಕ್ಷಣ, “ಛೇ, ನಂದೇನೈತಿ, ಹುಡುಗ ಶಾಣ್ಯಾ” ಅನ್ನಬೇಕು. ಆಟದ ಅರ್ಧ ಇವರದು, ಅರ್ಧ ಅವರದು. ಟೆಕ್ಸಸ್‌ನವನಿಗೆ ಆ ಇನ್ನರ್ಧ ಹೇಗೆ ಗೊತ್ತಿರಬೇಕು? ಜೋನ್ಸ್ “ಥ್ಯಾಂಕ್ಯೂ” ಎಂದು ಕೂತ. ಇವರು ಇನ್ನರ್ಧಕ್ಕಾಗಿ ಕಾದೇ ಕಾದರು.

ಕಳೆದ ತಿಂಗಳು ಕಾರ್ಖಾನೆಯ ವಾರ್ಷಿಕ ಊಟಕ್ಕೆ ಇವರನ್ನು ಕರೆದರು. ವಾಷ್ ಹೇಗೆ ಹುಟ್ಟಿತೆಂದು ಎಲ್ಲರೆದುರು ಹೇಳಬೇಕಿತ್ತು. ಕಾರು ಓಡಿಸಿದವನು ನಾನು. ಹಿಂದೆ ಕೂತಿದ್ದ ಅವರ ಹೆಂಡತಿ ವಿಜಯಾ ಆಂಟಿ ಡಾಲಸ್ ದಾಟುವ ಮೊದಲೇ ಶುರುಮಾಡಿದರು.

“ನಾ ಮಾಡೇನಿ ಅನ್ರಿ. ಅಷ್ಟ. ಅನ್ನಲಿಕ್ಕೆ ಏನ ಧಾಡಿ ನಿಮಗ?”

“ನನ್ನ ಬಾಯಿಲೆ ನಾನ ಹೆಂಗ ಹೇಳ್ಕೊಳ್ಳಲಿ?”

“ಮತ್ತ ನನ್ನ ಬಾಯಿಲೆ ಹೇಳ್ತೀರೇನು? ಇಷ್ಟ ವರ್ಷ ಮನ್ಯಾಗ ನನಗೊಬ್ಬಾಕಿಗೇ ಹೇಳೀರಿ. ಕೇಳಿ ಕೇಳಿ ಕಿವಿ ತೂತ ಬಿದ್ದಾವ.”

“ಅಂಕಲ್, ಒಂದ್ಸಲ ಪ್ರಾಕ್ಟೀಸ್ ಮಾಡಿ,” ಎಂದೆ ನಾನು. ಮಾಡಿದರು. ಮೊದಲು ಸಣ್ಣ ದನಿಯಲ್ಲಿ. ದಾರಿಯಲ್ಲಿ ಕಾಫಿ ಕುಡಿದ ಮೇಲೆ ಜೋರಾಗಿಯೇ ಇಂಗ್ಲಿಷಿನಲ್ಲಿ ಹೇಳಿದರು: ಇದು ನನ್ನ ಕೆಲಸ. ಆಂಟಿ ಚಪ್ಪಾಳೆ ತಟ್ಟಿದರು.

ಊಟದ ಹಾಲ್‌ನಲ್ಲಿ ಡೇಲ್ ಜೋನ್ಸ್ ಕೋಲೂರಿಕೊಂಡು ಬಂದು ನಮ್ಮ ಟೇಬಲ್‌ನಲ್ಲೇ ಕೂತ. ಮೈಕ್ ಮಳಗಿಯವರ ಕೈಗೆ ಬಂತು. ಅವರು ಅವನ ನರೆತ ತಲೆ ನೋಡಿದರು, ಕೋಲು ನೋಡಿದರು. ನಂತರ ಹೇಳಿದರು:

“ಎಲ್ಲ ಜೋನ್ಸ್ ಸಾಹೇಬರ ಮಾರ್ಗದರ್ಶನ.”

ಚಪ್ಪಾಳೆ! ನನಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಜೋನ್ಸ್ ಗೊಣಗಿದ: “ಆಗಲೂ ಹೀಗೇ ಹೇಳಿದ. ಒಂದು ಖಾಲಿ ಟ್ಯಾಂಕ್ ಕೊಟ್ಟದ್ದು ಬಿಟ್ಟರೆ ನಾನು ಏನು ಮಾಡಿದೆನೋ ನನಗೇ ತಿಳಿಯದು. ಮಾಡಿದ್ದು ಅವನೇ ಅಲ್ಲವೇ?”

“ಅವರೇ,” ಎಂದೆ.

ಆತ ಎದ್ದ. ಮಳಗಿಯವರು ಮೈಕ್ ಕೆಳಗಿಡುವ ಮೊದಲೇ ಅವರ ಹತ್ತಿರ ಹೋಗಿ, “ರಘು, ನಾನು ಹೇಳಿಬಿಡಲೇ?” ಎಂದು ಕೇಳಿದ. ಇಷ್ಟು ವರ್ಷ ಕಾದ ಇನ್ನರ್ಧ ಕಾಲು ಎಳೆದುಕೊಂಡು ಎದುರಿಗೇ ಬಂದು ನಿಂತಿತ್ತು. ಮಳಗಿಯವರು ಅವನ ತೋಳು ಹಿಡಿದು ತಲೆಯಾಡಿಸಿದರು. ಬೇಡ.

ಯಾಕೆ ಬೇಡ? ಇದನ್ನು ಸಂಸ್ಕಾರ ಎನ್ನುವವರು ವಿಜಯಾ ಆಂಟಿಯ ಮುಖ ನೋಡಬೇಕಿತ್ತು. ವಾಪಸು ಬರುವಾಗ ಅವರು ಕಿಟಕಿಯ ಕಡೆ ತಿರುಗಿ ಕೂತರು. ನಮ್ಮ ವಿನಯಕ್ಕೆ ಬೆಲೆ ತೆತ್ತವರು ಯಾವಾಗಲೂ ಮನೆಯೊಳಗೇ ಇರುತ್ತಾರೆ.

ಪ್ಲೇನೋ ಹತ್ತಿರ ಬಂದಾಗ ಅಂಕಲ್ ಮೆಲ್ಲಗೆ ಅಂದರು: “ನೀವು ಪೇಪರಿಗೆ ಬರೀತೀರಲ್ಲ, ಬರೀರಿ. ಖರೇ ಅದನ್ನ ಬರೀರಿ. ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ.”

ಹಿಂದಿನಿಂದ ಆಂಟಿ, “ಹಾಕ್ರಿ,” ಎಂದರು.

ಹಾಕಿದ್ದೇನೆ. ಆ ವಾಷ್ ರಘೂತ್ತಮ ಮಳಗಿಯವರದು. ಅಂಕಲ್, ಇದು ನೀವು ಹೇಳಿದ್ದಲ್ಲ, ನಾನು ಹೇಳಿದ್ದು. ಬೈಯುವುದಿದ್ದರೆ ರಸ್ತೆ ದಾಟಿ ಬಂದು ನನ್ನನ್ನೇ ಬೈಯಿರಿ.