ಅಪ್ಪನ ಪಾಲಿದ್ದ ಕಂಪನಿ

ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕ ತಿಂಗಳಲ್ಲೇ ಅಪ್ಪ ಅದರ ನೂರು ಷೇರು ಕೊಂಡ. ಲಾಭದ ಆಸೆಗಲ್ಲ. ಮಗಳು ದುಡಿಯುವ ಜಾಗದಲ್ಲಿ ತನ್ನದೂ ಒಂದು ಪಾಲಿದ್ದರೆ ಅವಳನ್ನು ಯಾರೂ ಗದರಿಸುವುದಿಲ್ಲ ಎಂದು ಅವನ ನಂಬಿಕೆ. ತಿಳಿಸಿ ಹೇಳಬಹುದಿತ್ತು, ನಕ್ಕು ಸುಮ್ಮನಾದೆ. ಆ ಪ್ರೀತಿ ನನಗೆ ಹಿತವಾಗಿತ್ತು.

ಅಪ್ಪನ ತಪ್ಪೂ ಅಲ್ಲ. ಬೀದರಿನಿಂದ ಬಂದು ಬೇಗಂ ಬಜಾರಿನಲ್ಲಿ ಗೆಳೆಯನೊಬ್ಬನ ಜೊತೆ ಪಾತ್ರೆ ಅಂಗಡಿ ಇಟ್ಟವನು. ಅಲ್ಲಿ ಪಾಲುದಾರನೆಂದರೆ ಗಾದಿಯ ಮೇಲೆ ಪಕ್ಕದಲ್ಲೇ ಕೂತು ಚಹಾ ಕುಡಿಯುವವನು. ಒಬ್ಬರನ್ನೊಬ್ಬರು ಕೇಳದೆ ಒಬ್ಬ ಹಮಾಲನನ್ನೂ ಕೆಲಸದಿಂದ ಬಿಡಿಸುವಂತಿರಲಿಲ್ಲ. ವ್ಯಾಪಾರ ಕುಸಿದ ವರ್ಷ ಇಬ್ಬರೂ ತಮ್ಮ ಮನೆಖರ್ಚು ಬಿಗಿ ಮಾಡಿಕೊಂಡರೇ ಹೊರತು ಆಳುಗಳನ್ನು ಕಳಿಸಲಿಲ್ಲ.

ಮೂರನೆಯ ವರ್ಷ ಕಂಪನಿ ನಮ್ಮ ಇಡೀ ತಂಡವನ್ನು ಕೆಲಸದಿಂದ ತೆಗೆಯಿತು. ಸಂಜೆ ಮನೆಗೆ ಬಂದರೆ ಅಪ್ಪ ಜಿಲೇಬಿ ತಂದಿಟ್ಟಿದ್ದ. ಕಂಪನಿಯ ಷೇರು ಅಂದು ಮೇಲೇರಿತ್ತಂತೆ. ಯಾಕೆ ಏರಿತೆಂದು ನಾನೇ ಹೇಳಬೇಕಾಯಿತು: ಜನ ಕಡಿಮೆಯಾದರೆ ಖರ್ಚು ಕಡಿಮೆ, ಷೇರುಪೇಟೆಗೆ ಖುಷಿ. ಅಪ್ಪ ಜಿಲೇಬಿಯ ಪೊಟ್ಟಣ ಮತ್ತೆ ಕಟ್ಟಿಟ್ಟ. ಷೇರುದಾರರ ಸಭೆ ಬರುತ್ತದಲ್ಲ, ಅಲ್ಲಿ ಕೇಳುತ್ತೇನೆ ಎಂದ. ಬೇಡವೆಂದರೆ ಕೇಳುವ ಆಸಾಮಿಯಲ್ಲ.

ಸಭೆಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಕರಿ ಟೊಪ್ಪಿಗೆ ಹಾಕಿ, ನನ್ನನ್ನೂ ಕರೆದೊಯ್ದ. ಮೈಕು ಕೈಗೆ ಬಂದಾಗ ಬಜಾರಿನ ಹಿಂದಿಯಲ್ಲಿ, ನಾನೂ ಒಬ್ಬ ಪಾಲುದಾರ, ಈ ವರ್ಷ ನನಗೆ ಲಾಭಾಂಶ ಬೇಡ, ತೆಗೆದ ಮಕ್ಕಳನ್ನು ವಾಪಸು ಕರೆಯಿರಿ ಎಂದ. ಮಗಳ ಮಾತೆತ್ತಲಿಲ್ಲ. ಸುತ್ತಲಿದ್ದವರು ಕಿಸಕ್ಕೆಂದರು. ನಾಚಿಕೆಯಿಂದ ಕುಗ್ಗಬೇಕಿದ್ದ ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. ಅಧ್ಯಕ್ಷರು ಇಂಗ್ಲಿಷಿನಲ್ಲಿ ನಗುನಗುತ್ತ ಏನೋ ಉತ್ತರ ಕೊಟ್ಟು ಮುಂದಿನವರತ್ತ ತಿರುಗಿದರು. ಅಪ್ಪನಿಗೆ ಇಂಗ್ಲಿಷ್ ಬಾರದು, ನನ್ನ ಮುಖ ನೋಡಿದ. ಷೇರುದಾರರ ಹಿತಕ್ಕಾಗಿಯೇ ಜನರನ್ನು ತೆಗೆದೆವು ಎನ್ನುತ್ತಿದ್ದಾರೆ ಎಂದು ಅವನ ಕಿವಿಯಲ್ಲಿ ಹೇಳಿದೆ.

ಆಟೋದಲ್ಲಿ ವಾಪಸು ಹೊರಟೆವು. ನಾಂಪಲ್ಲಿ ದಾಟಿದ ಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡ.

“ನನ್ನ ಹಿತಕ್ಕ ನಿನ್ನ ತಗದಾರಂತಲ್ಲವ್ವಾ. ಒಂದ ಮಾತ ನನ್ನ ಕೇಳಿದ್ರ ಬ್ಯಾಡ ಅಂತಿದ್ದೆ.”

ಗೊತ್ತಪ್ಪಾ ಎಂದೆ. ಕೆಲಸ ಹೋದ ದಿನ ಬಾರದ ಅಳು ಆಗ ಬಂತು.